ಏನೂ ಆಗದ ಭಾನುವಾರ

ಹೋದ ತಿಂಗಳು ನಮ್ಮ ಬಸ್ ಡಿಪೊದಲ್ಲಿ ಬ್ರೇಕ್ ಮೇಸ್ತ್ರಿಗೆ ಬೀಳ್ಕೊಡುಗೆ ಇತ್ತು. ಟೈರ್ ಶೆಡ್ಡನ್ನೇ ಗುಡಿಸಿ, ಕುರ್ಚಿ ಹಾಕಿ, ಮೈಕು ಕಟ್ಟಿದ್ದರು. ಮೂವತ್ತೊಂದು ವರ್ಷ ಬಸ್ಸುಗಳ ಕೆಳಗೆ ಅಂಗಾತ ಮಲಗಿ ಕೆಲಸ ಮಾಡಿದ ಮನುಷ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊಸದಾಗಿ ಬಂದ ಮ್ಯಾನೇಜರು ಕಡತ ಬಿಚ್ಚಿ ಓದಿದರು: “ಇವರ ಸೇವೆಯಲ್ಲಿ ಒಂದು ಮೆಮೊ ಇದೆ. ಬಹುಮಾನ, ಪ್ರಶಂಸೆ ಯಾವುದೂ ಇಲ್ಲ. ವಿಶೇಷವಾಗಿ ಹೇಳಿಕೊಳ್ಳುವಂಥ ಘಟನೆ ಏನೂ ನಡೆದಿಲ್ಲ.” ಇಷ್ಟು ಹೇಳಿ ಒಂದು ಗೋಡೆ ಗಡಿಯಾರವನ್ನು ಅವರ ಕೈಗಿಟ್ಟರು. ಮೆಮೊ ಎಂಬ ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಡಿಪೊದ ನಾಯಿಗೂ ಗೊತ್ತು. ಇಪ್ಪತ್ತನಾಲ್ಕು ವರ್ಷದಿಂದ ಸ್ಟೋರಿನ ಕಿಟಕಿಯಲ್ಲಿ ಕೂತು ಬೋಲ್ಟು, ಬೇರಿಂಗು, ಫ್ಯಾನ್ ಬೆಲ್ಟು ಎಣಿಸಿ ಕೊಡುವವಳು ನಾನು. ಎಲ್ಲರಿಗೂ ಸ್ಟೋರಮ್ಮ. ಮೇಸ್ತ್ರಿಯೂ ಮೊದಲು ಹಾಗೇ ಕರೆಯುತ್ತಿದ್ದರು. ಅವರ ಮಗ ನನ್ನ ಮಗಳ ಕೈಹಿಡಿದ ಮೇಲೆ “ಬೀಗರೇ” ಎನ್ನತೊಡಗಿದರು. ಆ ಮೆಮೊ ಯಾಕೆ ಬಂತು, ಹಿಂದಿನ ಸಾಲು ಯಾಕೆ ನಕ್ಕಿತು ಎನ್ನುವುದು ನನ್ನಷ್ಟು ಯಾರಿಗೂ ಗೊತ್ತಿಲ್ಲ. ಅದರಲ್ಲಿ ನನ್ನದೂ ಒಂದು ತಪ್ಪಿದೆ. ಸಣ್ಣದೇನಲ್ಲ. ಬರುತ್ತದೆ, ತಡೆಯಿರಿ.

ನಮ್ಮ ಡಿಪೊದಲ್ಲಿ ಸೋಮವಾರ ಬೆಳಗಿನ ಟೀ ಹೊತ್ತೆಂದರೆ ಫುಟ್‌ಬಾಲ್ ಹೊತ್ತು. ವಿಶ್ರಾಂತಿ ಕೋಣೆಯಲ್ಲಿ ಎದುರುಬದುರಾಗಿ ಎರಡು ಬೆಂಚು. ಒಂದರ ಮೇಲೆ ಗೋಲು ಬೇಕೆನ್ನುವವರು, ಇನ್ನೊಂದರ ಮೇಲೆ ಗೋಲು ಬಿಡಬಾರದು ಎನ್ನುವವರು. ಬೆಂಚು ಬದಲಿಸುವುದೆಂದರೆ ಮನೆ ಬದಲಿಸಿದಷ್ಟೇ ದೊಡ್ಡ ಸಂಗತಿ. ನಡುವಿನ ಗೋಡೆಗೆ ಒಂದು ಕರಿಹಲಗೆ. ಅದರಲ್ಲಿ ನಮ್ಮ ಊರಿನ ತಂಡ ‘ಹೊಡೆದದ್ದು’ ಎಷ್ಟು, ‘ತಿಂದದ್ದು’ ಎಷ್ಟು ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು. ಮೇಸ್ತ್ರಿ ಅದರ ಪಕ್ಕ ತಾವೇ ಮೂರನೆಯ ಗೆರೆ ಎಳೆದು ‘ತಡೆದದ್ದು’ ಎಂದು ಬರೆದುಕೊಂಡಿದ್ದರು. ಆಟ ನೋಡುವಾಗ ಬೆರಳು ಮಡಿಚಿ ಎಣಿಸುವುದು, ಸೋಮವಾರ ಬಂದು ಮೂವತ್ತೇಳು, ನಲವತ್ತೊಂದು ಎಂದು ಬರೆಯುವುದು. ಅದನ್ನು ಓದಲು, ಗೋಲು ಬಿಡಬಾರದು ಎನ್ನುವ ಅವರದೇ ಬೆಂಚಿನವರಿಗೂ ಪುರುಸೊತ್ತಿರಲಿಲ್ಲ.

ನಾನು ಗೋಲಿನ ಬೆಂಚಿನವಳು. ನಮ್ಮ ಬೆಂಚಿನ ಮುಖಂಡ ಇಂಜಿನ್ ವಿಭಾಗದ ಪಿಸ್ಟನ್. ಕೂತಲ್ಲಿ ಕೂರದೆ ಮೇಲೆ ಕೆಳಗೆ ಆಡುತ್ತಲೇ ಇರುತ್ತಾನೆ ಎಂದು ಆ ಹೆಸರು. ನಾನು ಹೇಳುವ ಆ ವರ್ಷ, ಅಂದರೆ ಹತ್ತು ವರ್ಷದ ಹಿಂದೆ, ನಮ್ಮ ತಂಡ ಹದಿನಾಲ್ಕು ಆಟದಲ್ಲಿ ತಿಂದದ್ದು ಮೂರೇ ಗೋಲು. ಹೊಡೆದದ್ದೋ, ಒಂಬತ್ತು. ಅದರಲ್ಲೂ ಎರಡು ಎದುರಿನವರೇ ತಮ್ಮ ಬಲೆಗೆ ಹೊಡೆದುಕೊಂಡದ್ದು. ಹಿಂದೆ ನಿಲ್ಲುತ್ತಿದ್ದ ದೊಡ್ಡಣ್ಣ ಎಂಬ ಆಟಗಾರನನ್ನು ದಾಟಿ ಇರುವೆಯೂ ಹೋಗುತ್ತಿರಲಿಲ್ಲ. ಮುಂದೆ ಆಡುತ್ತಿದ್ದವನಿಗೆ ಗಗನಯಾತ್ರಿ ಎಂದು ಹೆಸರಿಟ್ಟಿದ್ದೆವು, ಯಾಕೆಂದರೆ ಅವನು ಒದ್ದ ಚೆಂಡೆಲ್ಲ ಅತ್ತ ಕಡೆಗೇ ಹೋಗುತ್ತಿತ್ತು.

“ಮೇಸ್ತ್ರಿ, ಬಸ್ಸು ಓಡೋದು ಇಂಜಿನ್ನಿಂದ,” ಎನ್ನುತ್ತಿದ್ದ ಪಿಸ್ಟನ್. “ಬ್ರೇಕ್ ನಂಬ್ಕೊಂಡು ಯಾವ ಊರಿಗೆ ಹೋಗಿ ಬಂದಿದ್ದೀಯ ನೀನು?”

“ಊರಿಗೆ ಹೋಗೋಕೆ ಇಂಜಿನ್ ಸಾಕು ಕಣಯ್ಯ. ಆ ಊರಲ್ಲಿ ಇಳಿಯೋಕೆ ಬ್ರೇಕ್ ಬೇಕು.”

“ಏನ್ ಬೀಗರೇ ನೀವು,” ನಾನು ಬಾಯಿ ಹಾಕುತ್ತಿದ್ದೆ. “ಒಂದೂವರೆ ಗಂಟೆ ಬಿಸಿಲಲ್ಲಿ ಕೂರೋದು ಗೋಲು ನೋಡೋಕೆ. ನಿಮ್ಮ ದೊಡ್ಡಣ್ಣ ಚೆಂಡನ್ನ ಗೆರೆಯಾಚೆ ಒದೆಯೋದು ನೋಡೋಕಲ್ಲ. ಅದನ್ನ ನಮ್ಮ ಬೀದಿ ಮಕ್ಕಳೂ ಒದೀತಾವೆ, ಪುಕ್ಕಟೆ ನೋಡ್ಬಹುದು.”

“ನಿಮಗೆ ಬಲೆ ಅಲ್ಲಾಡಿದ್ದು ಮಾತ್ರ ಕಾಣುತ್ತೆ. ಅಲ್ಲಾಡದೆ ಇದ್ದದ್ದು ಕಾಣಲ್ಲ.”

“ಕಾಣದೆ ಇರೋದನ್ನ ಹೇಗ್ರೀ ಕಾಣೋದು?”

“ಅದಕ್ಕೇ ಎಣಿಸ್ತೀನಿ ನಾನು,” ಎಂದು ಟೀ ಲೋಟ ಎತ್ತುತ್ತಿದ್ದರು. ಆ ಮನುಷ್ಯನ ಜೊತೆ ಜಗಳವಾಡುವುದೂ ಒಂದೇ, ಗೋಡೆಯ ಜೊತೆ ಆಡುವುದೂ ಒಂದೇ. ದನಿ ಏರಿಸುತ್ತಿರಲಿಲ್ಲ, ಜಗ್ಗುತ್ತಲೂ ಇರಲಿಲ್ಲ.

ಹೀಗೆ ತೆವಳಿಕೊಂಡು ನಮ್ಮ ತಂಡ ಹತ್ತೊಂಬತ್ತು ವರ್ಷದ ಮೇಲೆ ಫೈನಲ್ ತಲುಪಿತು. ಆಟ ಬೇರೆ ಊರಿನಲ್ಲಿ, ಭಾನುವಾರ ನಾಲ್ಕು ಗಂಟೆಗೆ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ, ನಡುವೆ ಒಂದು ಗುಡ್ಡ, ಅದನ್ನಿಳಿಯಲು ಹನ್ನೊಂದು ತಿರುವು. ಆಗಿನ ಮ್ಯಾನೇಜರಿಗೂ ಆಟದ ಹುಚ್ಚು. ಅವರೇ ಓಡಾಡಿ ಹದಿನೇಳನೇ ನಂಬರಿನ ಬಸ್ಸಿಗೆ ವಿಶೇಷ ಪರವಾನಗಿ ತಂದರು. ನಲವತ್ತೆರಡು ಜನ ಹೆಸರು ಕೊಟ್ಟರು. ಮೊದಲ ಹೆಸರು ಮೇಸ್ತ್ರಿಯದು. ಹತ್ತೊಂಬತ್ತು ವರ್ಷದ ಹಿಂದಿನ ಫೈನಲ್ಲಿಗೆ ರಜೆ ಸಿಗದೆ ಅವರು ಹೋಗಿರಲಿಲ್ಲ. ಈ ಸಲ ಎರಡು ವಾರ ಮೊದಲೇ ಹಸಿರು ಟೋಪಿಯೊಂದನ್ನು ಕೊಂಡು, ಉಪಕರಣದ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಓಡಿಸುವವನು ನನ್ನ ಅಳಿಯ, ಅವರ ಮಗ. ನನ್ನ ಮಗಳೂ ಹೊರಟಿದ್ದಳು. ಮದುವೆಯಾಗಿ ಆರು ತಿಂಗಳಾಗಿತ್ತು.

ಶುಕ್ರವಾರ ಮೇಸ್ತ್ರಿ ಆ ಬಸ್ಸಿನ ಹಿಂದಿನ ಚಕ್ರಗಳಿಗೆ ಹೊಸ ಬ್ರೇಕ್ ಲೈನಿಂಗ್ ಹಾಕಿದರು. ಸ್ಟೋರಿನಲ್ಲಿದ್ದ ಕೊನೆಯ ಜೊತೆ ಅದು, ನಾನೇ ಚೀಟಿ ಹರಿದು ಕೊಟ್ಟದ್ದು. ಚಕ್ರದ ಹಿಂದೆ ಕಬ್ಬಿಣದ ದೊಡ್ಡ ಬೋಗುಣಿಯಂಥ ಡ್ರಮ್ ಇರುತ್ತದೆ. ಪೆಡಲ್ ಒತ್ತಿದಾಗ ಲೈನಿಂಗು ಆ ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತದೆ, ಬಸ್ಸು ನಿಲ್ಲುತ್ತದೆ. ಇದೆಲ್ಲ ನಾನು ಆಮೇಲೆ ಕಲಿತದ್ದು. ಸಾಮಾನು ಕೊಡುವುದು ಗೊತ್ತಿತ್ತೇ ಹೊರತು ಅದು ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ ಎಂದು ಒಂದು ದಿನವೂ ಬಗ್ಗಿ ನೋಡಿದವಳಲ್ಲ.

ಶನಿವಾರ ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಮನೆಗೆ ಹೋಗಿದ್ದರು. ಗ್ರೀಸ್ ಹಚ್ಚಲೆಂದು ಬಿಚ್ಚಿದ ಚಕ್ರ, ಡ್ರಮ್ಮು ನೆಲದ ಮೇಲಿದ್ದವು. ನಾವು ಬಸ್ಸಿಗೆ ಹಸಿರು ಬಿಳಿ ಪಟ್ಟೆ ಎಳೆಯುತ್ತಿದ್ದೆವು. ಚಕ್ರಗಳಿಗೂ ಬಳಿಯೋಣ, ತಿರುಗುವಾಗ ಕಣ್ಣು ಕುಕ್ಕಬೇಕು ಎಂದ ಪಿಸ್ಟನ್. ಚಕ್ರಕ್ಕೂ ಡ್ರಮ್ಮಿನ ಹೊರಮೈಗೂ ಅವನೇ ಬಳಿದ. ಅರೆಬರೆ ಕೆಲಸ ನನಗಾಗುವುದಿಲ್ಲ. ಪಾತ್ರೆಯನ್ನಾದರೂ ಒಳಗೂ ಹೊರಗೂ ಉಜ್ಜುವವಳು ನಾನು. ಪಿಸ್ಟನ್ ಬಿಳಿ ಬಣ್ಣದ ಇನ್ನೊಂದು ಡಬ್ಬಿ ತರಲು ಹೋಗಿ, ಉಳಿದವರು ಬಸ್ಸಿನ ಆಚೆ ಬದಿಯಲ್ಲಿದ್ದಾಗ ಕೂತು, ಡ್ರಮ್ಮಿನ ಹೊಳೆಹೊಳೆಯುವ ಒಳಮೈಗೆ ಅಂಚಿನವರೆಗೂ ಎರಡು ಪದರ ಹಸಿರು ಬಳಿದೆ. ಹೊರಗಿಗಿಂತ ಒಳಗೇ ಚೆನ್ನಾಗಿ ಹಿಡಿಯಿತು ಎಂದು ಖುಷಿಪಟ್ಟೆ, ನನ್ನ ಬುದ್ಧಿಗಿಷ್ಟು! ಮೇಸ್ತ್ರಿ ಬರುವ ಮೊದಲೇ ಕೆಲಸ ಮುಗಿಸುವ ಆತುರದಲ್ಲಿ ಪಿಸ್ಟನ್ನೇ ಅವನ್ನೆಲ್ಲ ಎತ್ತಿ ಜೋಡಿಸಿದ. ಒಳಗೆ ನೋಡಲಿಲ್ಲ. ಬಣ್ಣ ಇನ್ನೂ ಹಸಿಯಾಗಿತ್ತು.

ಭಾನುವಾರ ಹನ್ನೊಂದು ಗಂಟೆಗೆ ಬಸ್ಸು ತುಂಬಿ ತುಳುಕುತ್ತಿತ್ತು. ಬಾವುಟ, ಪೀಪಿ, ಕೂಗಾಟ. ಗುಡ್ಡದ ದಾರಿಗೆ ಹೋಗುವ ಬಸ್ಸಿನ ಕಾರ್ಡಿಗೆ ಬ್ರೇಕ್ ಮೇಸ್ತ್ರಿಯ ಸಹಿ ಬೇಕು, ಅದು ನಿಯಮ. ಮೇಸ್ತ್ರಿ ಹಸಿರು ಟೋಪಿ ಹಾಕಿಕೊಂಡೇ ಡ್ರೈವರ್ ಸೀಟಿಗೆ ಹತ್ತಿ ಅಂಗಳದಲ್ಲಿ ಒಂದು ಸುತ್ತು ಹೊಡೆದರು. ಪೆಡಲ್ ಒತ್ತಿದರು. ಬಸ್ಸು ನಿಂತಿತು, ಆದರೆ ಅವರು ಅಂದುಕೊಂಡ ಕಡೆಗಲ್ಲ, ಆರು ಅಡಿ ಮುಂದೆ. ಇಳಿದು ಹಿಂದಿನ ಚಕ್ರದ ಬಳಿ ಮೂಗು ಒಯ್ದರು. ಟೋಪಿ ತೆಗೆದು ಪೆಟ್ಟಿಗೆಯ ಮೇಲಿಟ್ಟರು.

“ಎಲ್ರೂ ಇಳೀರಿ,” ಎಂದರು.

ನಗೆ ಎದ್ದಿತು. ಸುಮ್ಮನೆ ತಲೆ ತಿನ್ನುತ್ತಾರೆ ಎಂದುಕೊಂಡು ಒಬ್ಬೊಬ್ಬರಾಗಿ ಇಳಿದರು. ಮೇಸ್ತ್ರಿ ಜಾಕ್ ಇಟ್ಟು, ನಟ್ಟು ಬಿಚ್ಚಿ, ಡ್ರಮ್ಮು ಎಳೆದರು. ಒಳಗೆ ಶುಕ್ರವಾರದ ಹೊಸ ಲೈನಿಂಗು ಹಸಿರು ಮೆತ್ತಿಕೊಂಡು ಗಾಜಿನಂತೆ ನುಣ್ಣಗಾಗಿತ್ತು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಏನು ಮಾಡಿಬಿಟ್ಟಿದ್ದೇನೆ ಎಂದು ಅರ್ಥವಾಯಿತು.

“ಯಾರ್ರೀ ಇದು ಮಾಡಿದ್ದು?” ಮ್ಯಾನೇಜರು ಗುಡುಗಿದರು.

ಮೇಸ್ತ್ರಿಯ ಕಣ್ಣು ನನ್ನ ಕೈ ಮೇಲೆ ಬಿತ್ತು. ಉಗುರ ಸಂದಿಯಲ್ಲೆಲ್ಲ ಹಸಿರು. ಕೈಯನ್ನು ಸೆರಗಿನಡಿ ಎಳೆದುಕೊಂಡೆ. ಅವರು ಮುಖ ಆ ಕಡೆ ತಿರುಗಿಸಿದರು.

“ಯಾರು ಬಳಿದ್ರು ಅನ್ನೋದು ಈಗ್ಯಾಕೆ ಸಾರ್? ಲೈನಿಂಗ್ ಬಣ್ಣ ಕುಡಿದುಬಿಟ್ಟಿದೆ. ಕೆರೆದ್ರೆ ಹೋಗಲ್ಲ. ಹೊಸಾದು ಬುಧವಾರ ಬರುತ್ತೆ. ಈ ಬಸ್ಸು ಹೋಗಲ್ಲ.”

ಹೋಗಲ್ಲ! ನಲವತ್ತು ಜನ ಒಟ್ಟಿಗೆ ಅವರ ಮೈಮೇಲೆ ಏರಿ ಬಂದರು. ಬೇರೆ ಬಸ್ಸು ಒಂದೂ ಅಂಗಳದಲ್ಲಿ ಇರಲಿಲ್ಲ, ಎಲ್ಲ ತಮ್ಮ ತಮ್ಮ ದಾರಿ ಹಿಡಿದಿದ್ದವು. ಪಿಸ್ಟನ್ ಎದೆ ಸೆಟೆಸಿ ಮುಂದೆ ಬಂದ. “ಅಲ್ಲ ಮೇಸ್ತ್ರಿ, ಎರಡು ಸಲ ಜೋರಾಗಿ ಬ್ರೇಕ್ ಹೊಡೆದ್ರೆ ಬಣ್ಣ ಸುಟ್ಟು ಹೋಗುತ್ತೆ. ಏನೂ ಆಗಲ್ಲ!”

“ಹೋಗ್ಬಹುದು. ಆ ಎರಡು ಸಲ ಯಾವ ತಿರುವಲ್ಲಿ ಬರುತ್ತೆ, ಹೇಳ್ತೀಯಾ?”

ಮ್ಯಾನೇಜರು ತಾವೇ ಸಹಿ ಮಾಡುತ್ತೇನೆ, ಜವಾಬ್ದಾರಿ ತಮ್ಮದು ಎಂದು ಕಾರ್ಡು ಕಿತ್ತುಕೊಂಡರು. ಮೇಸ್ತ್ರಿ ಬಗ್ಗಿ, ಆ ಚಕ್ರದ ಹತ್ತು ನಟ್ಟುಗಳನ್ನೂ ಆಯ್ದು ಜೇಬಿಗೆ ಹಾಕಿಕೊಂಡು, ಬಿಚ್ಚಿಟ್ಟ ಚಕ್ರದ ಮೇಲೆ ಕೂತುಬಿಟ್ಟರು.

“ಸಹಿ ನೀವು ಹಾಕಿ ಸಾರ್. ಚಕ್ರ ನಾನು ಹಾಕಲ್ಲ.”

ಕೊನೆಗೆ ಅಳಿಯ ಬಂದ. ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ: “ಅಪ್ಪಾ, ಓಡಿಸೋನು ನಾನು. ಗುಡ್ಡಾನ ಎರಡನೇ ಗೇರಲ್ಲೇ ಇಳಿಸ್ತೀನಿ. ಇಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೀಬೇಡ.”

“ಓಡಿಸೋನು ನೀನು, ಸರಿ ಕಣೋ. ನಿಲ್ಸೋನು ನಾನು.”

ಅಳಿಯ ಎದ್ದು ಹೋದ. ಮಗಳು ನನ್ನ ತೋಳು ಜಗ್ಗಿದಳು: “ಅಮ್ಮಾ, ಮಾವನಿಗೆ ನೀನಾದ್ರೂ ಹೇಳು.” ಏನು ಹೇಳಲಿ? ಒಂದು ಮಾತು ಬಾಯಿಬಿಟ್ಟಿದ್ದರೆ ಆ ಮನುಷ್ಯನ ಮೇಲೆ ಬೀಳುತ್ತಿದ್ದ ಬೈಗುಳ ಅರ್ಧಕ್ಕರ್ಧ ನನ್ನ ಕಡೆ ತಿರುಗುತ್ತಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಯಾರಿಗೂ ಹೆದರದ ನಾನು ಅವತ್ತು ಹೆದರಿದೆ. ಕೆಲಸ ಹೋದೀತು ಎಂದು, ಮಗಳ ಹೊಸ ಸಂಸಾರದಲ್ಲಿ ಮುಖ ತೋರಿಸಲಾಗದು ಎಂದು, ಎಲ್ಲಕ್ಕಿಂತ ಹೆಚ್ಚಾಗಿ, ಪಿಸ್ಟನ್ ನಗುತ್ತಾನೆ ಎಂದು. ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಯಾರೋ ಒಂದು ಬನ್ನು ಎಸೆದರು. ಅದು ಮೇಸ್ತ್ರಿಯ ಹೆಗಲಿಗೆ ತಾಗಿ ಬಿತ್ತು. ಅವರು ಅದನ್ನೆತ್ತಿ, ಧೂಳು ಕೊಡವಿ, ನಾಯಿಗೆ ಹಾಕಿದರು.

ಫೈನಲ್ ಆಟವನ್ನು ವಿಶ್ರಾಂತಿ ಕೋಣೆಯ ಟಿವಿಯಲ್ಲಿ ನೋಡಿದೆವು. ಮೇಸ್ತ್ರಿಗೆ ಅವರ ಬೆಂಚಿನವರೂ ಜಾಗ ಬಿಡಲಿಲ್ಲ. ಬಾಗಿಲಿಗೆ ಒರಗಿ ನಿಂತು ಬೆರಳು ಮಡಿಚುತ್ತಾ ನೋಡಿದರು. ದೊಡ್ಡಣ್ಣ ಅವತ್ತು ಬೆಟ್ಟದ ಹಾಗೆ ನಿಂತ. ತೊಂಬತ್ತು ನಿಮಿಷವಾದರೂ ಸೊನ್ನೆ ಸೊನ್ನೆ, ಮತ್ತೆ ಅರ್ಧ ಗಂಟೆ ಆಡಿದರೂ ಸೊನ್ನೆ ಸೊನ್ನೆ. ಆಮೇಲೆ ಪೆನಾಲ್ಟಿ. ನಮ್ಮ ಗೋಲ್‌ಕೀಪರ್ ಎರಡು ತಡೆದ. ನಮ್ಮವರು ಒದ್ದದ್ದರಲ್ಲಿ ಮೂರು ಗುರಿ ತಪ್ಪಿದವು. ಕೊನೆಯದನ್ನು ಗಗನಯಾತ್ರಿ ಎಲ್ಲಿಗೆ ಕಳಿಸಿದ ಎಂದು ಹೇಳಬೇಕಾಗಿಲ್ಲ.

“ನಾವು ಅಲ್ಲಿದ್ದಿದ್ರೆ ಗೆಲ್ತಿದ್ರು,” ಎಂದು ಪಿಸ್ಟನ್ ಲೋಟ ಕುಕ್ಕಿದ. “ನಮ್ಮ ಕೂಗು ಕೇಳಿದ್ರೆ ಗೆಲ್ತಿದ್ರು!” ಎಲ್ಲರೂ ಬಾಗಿಲ ಕಡೆ ನೋಡಿದರು. ಮೇಸ್ತ್ರಿ ಆಗಲೇ ಅಲ್ಲಿರಲಿಲ್ಲ.

ನಾನು ಹುಡುಕಿಕೊಂಡು ಹೋದೆ. ಹದಿನೇಳನೇ ನಂಬರಿನ ಪಕ್ಕದಲ್ಲಿ ಡ್ರಮ್ಮು ತೊಡೆಯ ಮೇಲಿಟ್ಟುಕೊಂಡು ಬಣ್ಣ ಕೆರೆಯುತ್ತಿದ್ದರು. ಕಣ್ಣು ಕೆಂಪಗಿತ್ತು. ಏನಾದರೂ ಹೇಳಬೇಕೆಂದು ನಿಂತೆ. ಅವರು ಕೆಲಸ ನಿಲ್ಲಿಸದೆ, ಸೀಮೆಎಣ್ಣೆಯಲ್ಲಿ ಅದ್ದಿದ ಒಂದು ಬಟ್ಟೆ ಚೂರನ್ನು ನನ್ನ ಕಡೆ ಚಾಚಿದರು.

“ಬೀಗರೇ, ಉಗುರು ಒರೆಸ್ಕೊಳ್ಳಿ. ಯಾರಾದ್ರೂ ನೋಡ್ತಾರೆ.”

ಅಷ್ಟೇ. ಅವತ್ತಿನಿಂದ ಹತ್ತು ವರ್ಷ, ಜಗಳದ ಭರದಲ್ಲಿಯೂ, ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಮಾರನೆಯ ವಾರ ಮೆಮೊ ಬಂತು: ಮೇಲಧಿಕಾರಿಯ ಆದೇಶ ಮೀರಿ ಬಸ್ಸು ತಡೆದದ್ದೇಕೆ? ಮೇಸ್ತ್ರಿ ಒಂದೇ ಸಾಲು ಬರೆದು ಕೊಟ್ಟರು: “ಬ್ರೇಕ್ ಸರಿ ಇರಲಿಲ್ಲ.” ಯಾರ ಹೆಸರೂ ಇಲ್ಲ. ಹೆಸರಿಲ್ಲದ ಮೇಲೆ ಜನ ಸುಮ್ಮನಿರುತ್ತಾರೆಯೇ? ಬಸ್ಸು ತಡೆಯಲು ಮೇಸ್ತ್ರಿಯೇ ಬಣ್ಣ ಬಳಿದು ನಾಟಕವಾಡಿದರು, ಗೋಲಿನ ಬೆಂಚಿನ ಮೇಲೆ ಸೇಡು ತೀರಿಸಿಕೊಂಡರು ಎಂದು ಒಬ್ಬ ಅಂದ, ಹತ್ತು ಜನ ಹೌದೆಂದರು. ಅಳಿಯ ಮೂರು ತಿಂಗಳು ಅಪ್ಪನ ಜೊತೆ ಮಾತು ಬಿಟ್ಟ. ನಾನು ಕಿಟಕಿಯೊಳಗೆ ಕೂತು ಬೋಲ್ಟು ಎಣಿಸಿದೆ. ಥೂ ನನ್ನ ಬಾಳಿಗೆ ಎಂದು ಎಷ್ಟು ಸಲ ಅಂದುಕೊಂಡೆನೋ. ಕರಿಹಲಗೆಯ ಮೂರನೆಯ ಗೆರೆಯನ್ನು ಯಾರೋ ಒರೆಸಿದ್ದರು. ಮೇಸ್ತ್ರಿ ಮತ್ತೆ ಎಳೆದರು.

ಅವತ್ತು ಹೊರಟಿದ್ದರೆ ಬಸ್ಸು ಗುಡ್ಡ ಇಳಿಯುತ್ತಿತ್ತೋ, ಉರುಳುತ್ತಿತ್ತೋ ನನಗೆ ಗೊತ್ತಿಲ್ಲ. ಮೇಸ್ತ್ರಿಗೂ ಗೊತ್ತಿಲ್ಲ. ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ, ಅದೇ ಅವರ ಪಾಡು.

ಆದ್ದರಿಂದ ಹೋದ ತಿಂಗಳು ಆ ಟೈರ್ ಶೆಡ್ಡಿನಲ್ಲಿ, ಘಟನೆ ಏನೂ ನಡೆದಿಲ್ಲ ಎಂಬ ಮಾತು ಕಿವಿಗೆ ಬಿದ್ದು, ಹಿಂದಿನಿಂದ ಆ ನಗೆ ಕೇಳಿದಾಗ, ನನ್ನ ಕಾಲುಗಳು ತಾವಾಗಿಯೇ ಎದ್ದವು. ನೆಟ್ಟಗೆ ಹೋಗಿ ಮ್ಯಾನೇಜರ ಕೈಯಿಂದ ಮೈಕು ತೆಗೆದುಕೊಂಡೆ.

“ಮೆಮೊ ಯಾಕೆ ಬಂತು ಅಂತ ಹೇಳ್ತೀನಿ ಕೇಳಿ ಸಾರ್. ಹತ್ತು ವರ್ಷದ ಹಿಂದೆ ಹದಿನೇಳನೇ ನಂಬರಿನ ಡ್ರಮ್ಮಿನ ಒಳಗೆ ಬಣ್ಣ ಬಳಿದೋಳು ನಾನು. ಮೇಸ್ತ್ರಿ ಅಲ್ಲ, ಪಿಸ್ಟನ್ ಅಲ್ಲ. ನಾನು, ಈ ಕೈಯಲ್ಲಿ. ಅವರಿಗೆ ಗೊತ್ತಿತ್ತು. ಹೇಳಲಿಲ್ಲ. ನನಗೂ ಗೊತ್ತಿತ್ತು. ಹೇಳಲಿಲ್ಲ.”

ಮೇಸ್ತ್ರಿ ಗಡಿಯಾರ ಹಿಡಿದುಕೊಂಡೇ ಅರ್ಧ ಎದ್ದರು. “ಬೀಗರೇ, ಬೇಡ. ಇನ್ನೂ ಎರಡು ವರ್ಷ ಸರ್ವೀಸ್ ಇದೆ ನಿಮಗೆ.”

“ನೀವು ಕೂತ್ಕೊಳ್ಳಿ ಬೀಗರೇ. ಇಷ್ಟು ವರ್ಷ ನೀವು ಹೇಳಿದ್ದು ಯಾವತ್ತು ಕೇಳಿದ್ದೀನಿ, ಈಗ ಕೇಳೋಕೆ?” ಎಂದು ಜನರ ಕಡೆ ತಿರುಗಿದೆ. “ಆ ಭಾನುವಾರ ಆ ಬಸ್ಸಲ್ಲಿ ಕೂತಿದ್ದೋರೆಲ್ಲ ಎದ್ದು ನಿಂತ್ಕೊಳ್ಳಿ.”

ಮೊದಲು ಅಳಿಯ ಎದ್ದ. ಅವನ ಪಕ್ಕ ನನ್ನ ಮಗಳು. ಆಮೇಲೆ ಅಲ್ಲೊಬ್ಬ, ಇಲ್ಲೊಬ್ಬಳು, ಕುರ್ಚಿಗಳು ಕಿರುಗುಟ್ಟಿದವು. ಕೆಲವರು ವರ್ಗವಾಗಿ ಹೋಗಿದ್ದಾರೆ. ಇಬ್ಬರು ತೀರಿಕೊಂಡಿದ್ದಾರೆ, ಇಬ್ಬರೂ ವಯಸ್ಸಾಗಿ, ಅವರವರ ಹಾಸಿಗೆಯಲ್ಲಿ. ಉಳಿದವರು ಎದ್ದರು. ಕೊನೆಯ ಸಾಲಿನಲ್ಲಿ ಪಿಸ್ಟನ್ ಒಬ್ಬ ಕೈಕಟ್ಟಿ ಕೂತೇ ಇದ್ದ. ತಲೆಯೆಲ್ಲ ಬೆಳ್ಳಗಾಗಿದೆ, ಹಟ ಮಾತ್ರ ಹಾಗೇ ಇದೆ.

“ಹೋಗಿದ್ರೂ ಏನೂ ಆಗ್ತಿರ್ಲಿಲ್ಲ,” ಎಂದ.

“ಇರ್ಬಹುದು. ಅದನ್ನೇ ಎದ್ದು ನಿಂತು ಹೇಳು.”

ಅವನು ನನ್ನನ್ನು ದುರುಗುಟ್ಟಿ ನೋಡಿದ. ಮೇಸ್ತ್ರಿಯನ್ನು ನೋಡಿದ. ಮೊಣಕಾಲಿಗೆ ಕೈಯೂರಿ ಎದ್ದು ನಿಂತ. ಆದರೆ ಏನೂ ಹೇಳಲಿಲ್ಲ. ನಾನು ಬೆರಳು ಮಡಿಚಿ ಎಣಿಸಿದೆ. ಮೂವತ್ತೊಂದು ಜನ.

“ಬರ್ಕೊಳ್ಳಿ ಸಾರ್,” ಎಂದೆ ಮ್ಯಾನೇಜರಿಗೆ. “ಘಟನೆ ಇಲ್ಲ ಅಂದ್ರಲ್ಲ, ಇವರೇ ಆ ಘಟನೆ.”

ಮೇಸ್ತ್ರಿ ತಲೆ ತಗ್ಗಿಸಿ ಗಡಿಯಾರದ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು. ಅಳಿಯ ಹೋಗಿ ಅಪ್ಪನ ಪಕ್ಕ ಕೂತು, ಅದನ್ನು ಅವರ ಕೈಯಿಂದ ತೆಗೆದು ತಾನು ಹಿಡಿದುಕೊಂಡ.

ಮೊನ್ನೆ ನನಗೂ ಮೆಮೊ ಬಂದಿದೆ. ಹತ್ತು ವರ್ಷ ಸತ್ಯ ಮುಚ್ಚಿಟ್ಟದ್ದಕ್ಕೆ ಏಳು ದಿನದೊಳಗೆ ವಿವರಣೆ ಕೊಡಬೇಕಂತೆ. ಅಷ್ಟು ದಿನ ಯಾಕೆ ಬೇಕು? ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು ಒಂದೇ ಸಾಲು ಬರೆದು ಕಳಿಸಿದ್ದೇನೆ: “ಹೌದು, ಬಳಿದದ್ದು ನಾನು, ತಡೆದದ್ದು ಅವರು.”